ಹೆಪ್ಪುಗಟ್ಟದ ಎಣ್ಣೆ

ಮಾರ್ಗಶಿರದ ಚಳಿ ಹಿಡಿದಿದ್ದ ಒಂದು ಬೆಳಿಗ್ಗೆ ಮಧುವನಹಳ್ಳಿಯ ವೀರಮ್ಮ ತಲೆ ಬಾಚಿಕೊಳ್ಳಲು ಕೂತವಳು ಗೂಡಿನ ಕಡೆ ನೋಡಿದಳು. ಕುಡಿಕೆಯಲ್ಲಿದ್ದ, ತಾನೇ ಕಾಯಿಸಿದ ಕೊಬ್ಬರಿ ಎಣ್ಣೆ ಬೆಣ್ಣೆಯ ಹಾಗೆ ಗಟ್ಟಿಯಾಗಿತ್ತು. ಪಕ್ಕದ ಬಾಟಲಿಯಲ್ಲಿದ್ದ ‘ಮಂದಾರವೇಣಿ’ ಮಾತ್ರ ನೀರಿನಂತೆ ಓಲಾಡುತ್ತಿತ್ತು. ಬಾಟಲಿಯ ಮೇಲೆ ತೆಂಗಿನಕಾಯಿಯ ಚಿತ್ರ, ಕೆಳಗೆ ‘ಶುದ್ಧ ಕೊಬ್ಬರಿ ಎಣ್ಣೆ’ ಎಂಬ ದಪ್ಪಕ್ಷರ.

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷವಾಗಿತ್ತು. ಗಾಣ ನಡೆಸುತ್ತಿದ್ದ ಗಂಡ ತೀರಿಕೊಂಡ ಮೇಲೆ ವೀರಮ್ಮ ಗರುಗದ ಸೊಪ್ಪು, ದಾಸವಾಳದ ಎಲೆ ಹಾಕಿ ಎಣ್ಣೆ ಕಾಯಿಸಿ, ಸುತ್ತಿನ ಊರುಗಳಿಗೆ ಕೊಟ್ಟು ಬದುಕು ನಡೆಸಿದ್ದಳು. ಪೇಟೆಯಲ್ಲಿ ಅಂಗಡಿಯಿದ್ದ ಗಂಡನ ಅಣ್ಣ ಸದಾಶಿವಪ್ಪ ಹೊಸ ಕಂಪನಿಯ ಏಜೆನ್ಸಿ ಹಿಡಿದಾಗ, “ನೀನು ಒಂದು ಮಾತು ಏಳಿದ್ರೆ ಸಾಕು ಕಣಮ್ಮ, ಜನ ನಂಬ್ತಾರೆ” ಎಂದು ಬಾಟಲಿಗಳನ್ನು ಹೊರಿಸಿದ್ದರು. ಅವಳೂ ಮನೆಮನೆಗೆ ಹೋಗಿ ಆ ಒಂದು ಮಾತು ಹೇಳಿದ್ದಳು.

ಕಾಮಗೆರೆಯ ರಾಮಮ್ಮನ ನೆನಪಾಯಿತು. ರಾಮಮ್ಮನ ಮಗಳು ಬಾಣಂತಿ. ಕೂಸಿನ ನೆತ್ತಿಗೂ ಇದೇ ಎಣ್ಣೆ ಒತ್ತುತ್ತಿದ್ದರು.

ಬಾಚಣಿಗೆಯನ್ನು ಅಲ್ಲೇ ಬಿಟ್ಟು, ಬಾಟಲಿ ಹಿಡಿದು ಕೊಳ್ಳೇಗಾಲಕ್ಕೆ ಓಡಿದಳು. ಸದಾಶಿವಪ್ಪ ಆಗಷ್ಟೇ ಅಂಗಡಿ ಬಾಗಿಲು ತೆಗೆದಿದ್ದರು.

“ಭಾವ, ಇದು ಹೆಪ್ಪುಗಟ್ನಿಲ್ಲ. ಕೊಬ್ಬರಿ ಎಣ್ಣೆ ಅಲ್ವೇ ಅಲ್ಲ. ಏನ ಬೆರಸವ್ರೆ ಇದ್ಕೆ?”

“ನಂಗೇನ್ ಗೊತ್ತು? ಕಂಪ್ನಿಯೋರು ಕಳಿಸ್ತಾರೆ, ನಾನು ಮಾರ್ತೀನಿ. ಒಬ್ರು ಸೀಮೆಎಣ್ಣೆ ಜಾತೀದು ಅಂತಾರೆ, ಇನ್ನೊಬ್ರು ದನದ ಕೊಬ್ಬು ಬೆರ್ಸವ್ರೆ ಅಂತಾರೆ. ತಲ್ಗೆ ತಾನೆ ಆಕೋದು, ತಿನ್ನಕ್ಕಾ?”

ಕೊಬ್ಬು ಎಂಬ ಮಾತಿಗೆ ವೀರಮ್ಮನ ಕೈ ತಾನಾಗಿ ಕೊರಳಿನ ಶಿವದಾರದ ಮೇಲೆ ಹೋಯಿತು. ತಲೆಗೆ ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ಲಿಂಗ ಹಿಡಿಯುವ ಎಷ್ಟು ಮನೆಗಳಿಗೆ ಅವಳು ಇದನ್ನು ಕೊಟ್ಟಿರಲಿಲ್ಲ!

ಹನೂರಿನ ಬಸ್ಸು ಹತ್ತಿ ಕಾಮಗೆರೆಯಲ್ಲಿ ಇಳಿದಳು. ರಾಮಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಜಗುಲಿಯಲ್ಲೇ ಕೂತಿದ್ದಳು. ನೆತ್ತಿಯ ತುಂಬ ಕೆಂಪು ಬೊಕ್ಕೆ.

“ಬಾ ವೀರಕ್ಕ. ನೋಡು, ಕೂಸ್ಗೆ ಉಷ್ಣ ಆಗದೆ. ನೀ ಕೊಟ್ಟ ಎಣ್ಣೆ ತಂಪು ಅಂತ ಇನ್ನಷ್ಟು ಒತ್ತುಸ್ತಾವ್ನಿ.”

ಯಾರಿಗೂ ಅನುಮಾನ ಬಂದಿರಲಿಲ್ಲ. ಸುಮ್ಮನಿದ್ದರೆ ಉಷ್ಣದ ಬೊಕ್ಕೆ ಎಂದೇ ಹೋಗಿಬಿಡುತ್ತಿತ್ತು. ವೀರಮ್ಮನಿಗೆ ಕ್ಷಣಕಾಲ ಹಾಗೂ ಅನ್ನಿಸಿತು. ಅಷ್ಟರಲ್ಲಿ ಕೂಸು ಚೀರಿತು.

“ಇನ್ನು ಒಂದು ತೊಟ್ಟೂ ಆಕಬೇಡ ರಾಮಮ್ಮ. ಅದು ಏನು ಅಂತ ನಂಗೇ ಗೊತ್ತಿಲ್ಲ.”

ರಾಮಮ್ಮ ಸೆರಗಿನಿಂದ ಕೂಸಿನ ನೆತ್ತಿ ಒರೆಸಿದಳು. “ಬಾಟ್ಲಿ ನೋಡಿ ತಕಂಡ್ನೇನಕ್ಕ ನಾನು? ನಿನ್ನ ಮಕ ನೋಡಿ ತಕಂಡಿದ್ದು” ಎಂದಳು.

ಇಬ್ಬರೂ ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಹೋದರು. ನರ್ಸಮ್ಮ ತಲೆ ತೊಳೆದು ಮುಲಾಮು ಸವರಿ, “ಏನೂ ಹಚ್ಚಬೇಡಿ, ಎರಡು ದಿನ ನೋಡೋಣ” ಎಂದರು. ಆ ಎರಡು ದಿನ ವೀರಮ್ಮ ಊರಿಗೆ ಹೋಗಲಿಲ್ಲ. ರಾಮಮ್ಮನ ಜಗುಲಿಯಲ್ಲೇ ಇದ್ದು, ಒಳಗೆ ಕೂಸು ಕೊಸರಾಡಿದಾಗಲೆಲ್ಲ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಮೂರನೆಯ ಬೆಳಿಗ್ಗೆ ಬೊಕ್ಕೆ ಒಣಗತೊಡಗಿತು.

ಆಮೇಲೆ ಅವಳು ಕೊಟ್ಟ ಮನೆಗಳಿಗೆಲ್ಲ ಹೋಗಿ ಬಾಟಲಿ ವಾಪಸು ಕೇಳಿದಳು. ಕೆಲವರು ಬೈದು ಕೊಟ್ಟರು. ಅವಳದೇ ಊರಿನ ಚಿನ್ನಸ್ವಾಮಿಯ ಹೆಂಡತಿ, “ಏನಾರ ಇರ್ಲಿ ಬುಡಕ್ಕ, ಗಮಲು ಚೆನ್ನಾಗದೆ” ಎಂದು ಕೊಡಲೇ ಇಲ್ಲ. ಸದಾಶಿವಪ್ಪ ಬೇರೊಬ್ಬರನ್ನು ಮಾರಾಟಕ್ಕೆ ಹಚ್ಚಿದರು. ತಮ್ಮ ಮಗಳ ಮದುವೆಗೂ ವೀರಮ್ಮನನ್ನು ಕರೆಯಲಿಲ್ಲ.

ಅವಳು ಮತ್ತೆ ಒಲೆಯ ಮುಂದೆ ಕೂತು ಎಣ್ಣೆ ಕಾಯಿಸಿದಳು. ಕೊಳ್ಳುವವರು ಮೊದಲಿಗಿಂತ ಕಡಿಮೆಯಾದರು. ಬಂದವರ ಎದುರು ತಾನೇ ಒಂದು ಬೊಟ್ಟು ನಾಲಿಗೆಗೆ ಸವರಿಕೊಂಡು ಆಮೇಲೆ ಅಳೆದು ಕೊಡುತ್ತಿದ್ದಳು. ಆ ಬಾಟಲಿಯಲ್ಲಿ ಬೆರೆಸಿದ್ದು ಕೊಬ್ಬೋ, ಸೀಮೆಎಣ್ಣೆಯೋ ಎಂದು ಅವಳಿಗೆ ಕೊನೆಯವರೆಗೂ ಯಾರೂ ಹೇಳಲಿಲ್ಲ.