ಮೊರದ ಎದುರಿನ ಶಾಲೆ

ಆಗ ನನಗೆ ಅರುವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ನಾನು ಓದಿದ್ದು ಎರಡನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಬಸ್ಸಿನ ಬೋರ್ಡು ಓದುತ್ತೇನೆ, ಬಸ್ಸು ನಿಂತಿದ್ದರೆ. ಇದನ್ನು ಬರೆದದ್ದು ನಾನು, ಒತ್ತಕ್ಷರ ತಿದ್ದಿದ್ದು ಮೊಮ್ಮಗಳು. ವಿಷಯ ಅವಳದ್ದೇ ಆದ ಕಾರಣ ಕೆಲವು ಕಡೆ ಗೆರೆ ಎಳೆದು ಹೊಡೆದು ಹಾಕಲಿಕ್ಕೂ ನೋಡಿದಳು. ನಾನು ಬಿಡಲಿಲ್ಲ.

ನಮ್ಮ ಮನೆ ಸವಣೂರು ಪೇಟೆಯಿಂದ ಸ್ವಲ್ಪ ಒಳಗೆ. ನಾನು, ಮಗ, ಸೊಸೆ, ಮೊಮ್ಮಗಳು, ಹೀಗೆ ನಾಲ್ಕು ಜನ. ಮಗ ಗ್ಯಾರೇಜಿನಲ್ಲಿ ಇರುದು, ಈ ಸುದ್ದಿಯಲ್ಲಿ ಅವನಿಗೆ ಹೆಚ್ಚು ಕೆಲಸ ಇಲ್ಲ. ಸೊಸೆ ಪೇಟೆಯ ಟೈಲರ್ ಅಂಗಡಿಯಲ್ಲಿ ಹೊಲಿಯುದು, ಹತ್ತು ಗಂಟೆಯಿಂದ ಒಂದೂವರೆವರೆಗೆ. ನಾನು ಬೀಡಿ ಕಟ್ಟಿ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡುದು. ಮದುವೆಯಾಗಿ ಬಂದ ವರ್ಷ ಮೊರ ಮಡಿಲಿಗೆ ಬಂತು, ಇನ್ನೂ ಇಳಿದಿಲ್ಲ.

ಮೊಮ್ಮಗಳನ್ನು ಮೊದಲು ಎಲ್‌ಕೆಜಿಗೆ ಹಾಕಿದ್ದರು. ಮನೆಯಲ್ಲಿ ಮುಚ್ಚದ ಬಾಯಿಯನ್ನು ಅಲ್ಲಿ ಅವಳು ತೆರೆಯಲೇ ಇಲ್ಲ. ಇಡೀ ವರ್ಷ ಇಲ್ಲ. ಕೊನೆಗೆ ಅಲ್ಲಿನ ಟೀಚರು, ಮಗುವಿನ ಕಿವಿ ಒಮ್ಮೆ ತೋರಿಸಿ ಎಂದರು. ಅವಳ ಕಿವಿಯೋ, ಆಚೆ ಮನೆಯಲ್ಲಿ ಚಾಕಲೇಟಿನ ಕಾಗದ ಬಿಚ್ಚಿದರೆ ಈಚೆ ಮನೆಯಲ್ಲಿ ಎದ್ದು ಕೂರುವ ಕಿವಿ.

ಸೊಸೆಗೆ ಸಿಟ್ಟು ಬಂತು. "ಯುಕೆಜಿಗೆ ಕಳಿಸುದೇ ಇಲ್ಲ ಅತ್ತೆ. ಒಂದು ವರ್ಷ ನಾನು ಮನೆಯಲ್ಲಿ ಕಲಿಸ್ತೇನೆ. ಆಟ ಆಡಿಸಿಯೇ ಕಲಿಸುದು. ಈಗ ಎಲ್ಲ ಹಾಗೆ ಮಾಡ್ತಾರೆ" ಎಂದು ಫೋನ್ ತೋರಿಸಿದಳು. ಫೋನಿನಲ್ಲಿ ಒಂದು ಹೆಂಗಸು ಬಟ್ಟೆ ಸಿಕ್ಕಿಸುವ ಕ್ಲಿಪ್ಪಿನಿಂದ ಲೆಕ್ಕ ಹೇಳಿಕೊಡುತ್ತಿದ್ದಳು. ಅವಳ ಮನೆಯಲ್ಲಿ ಬಟ್ಟೆ ಒಗೆಯುದು ಯಾರು ಅಂತ ನನಗೆ ಯೋಚನೆ ಬಂತು.

ಪುತ್ತೂರಿನ ಹತ್ತಿರದ ಒಂದು ಶಾಲೆಗೆ ಹೋಗಿ ಸೊಸೆ ಮಾತಾಡಿ ಬಂದಳು. ಅಲ್ಲಿನ ದೊಡ್ಡ ಟೀಚರು ಹೇಳಿದ್ದು ಇಷ್ಟು: ಮೇ ತಿಂಗಳಲ್ಲಿ ಮಗುವನ್ನು ಕರೆದುಕೊಂಡು ಬನ್ನಿ, ಮಾತಾಡಿಸಿ ನೋಡುತ್ತೇವೆ. ಅಕ್ಷರ ಗೊತ್ತಿದ್ದು ನೂರರವರೆಗೆ ಎಣಿಸಿದರೆ ಸೀದಾ ಒಂದನೇ ಕ್ಲಾಸು. ಇಲ್ಲದಿದ್ದರೆ ಯುಕೆಜಿ. ನಮ್ಮ ಹುಡುಗಿ ಉದ್ದ ಬೇರೆ. ಯುಕೆಜಿಯಲ್ಲಿ ಕೂತರೆ ಕೋಳಿಮರಿಗಳ ನಡುವೆ ಹೇಂಟೆ ಕೂತ ಹಾಗೆ ಕಾಣುತ್ತಿದ್ದಳು. ಮೊದಲೇ ಬಾಯಿ ಬಿಡದವಳು, ಹಾಗೆ ಕೂರಿಸಿದರೆ ಆಯಿತು ಮತ್ತೆ.

ಕಲಿಸುದು ತಾನು ಎಂದು ಸೊಸೆ ಹೇಳಿದ್ದು. ಬೆಳಿಗ್ಗೆ ಹತ್ತಕ್ಕೆ ಅವಳು ಬ್ಯಾಗು ಹಿಡಿದು ಹೊರಟ ಮೇಲೆ ಮನೆಯಲ್ಲಿ ಉಳಿದ ಟೀಚರು ಯಾರು ಅಂತ ನೀವೇ ನೋಡಿ. ನಾನು ಓದುದು ನಿಧಾನ ಎಂದು ಅವಳು ಆ ದಿನದ ಆಟವನ್ನು ಚಿತ್ರ ಬಿಡಿಸಿ ಗೋಡೆಗೆ ಅಂಟಿಸಿ ಹೋಗುತ್ತಿದ್ದಳು. ಚಿತ್ರದಲ್ಲಿ ನನ್ನನ್ನೂ ಬಿಡಿಸುತ್ತಿದ್ದಳು. ನನ್ನ ಮೂಗು ಅಷ್ಟು ದೊಡ್ಡದಿಲ್ಲ.

ಮೊದಲ ದಿನ ತಟ್ಟೆಯಲ್ಲಿ ರವೆ ಹರಡಿ ಅದರ ಮೇಲೆ ಬೆರಳಿನಿಂದ ಅಕ್ಷರ ಬರೆಯುದು. ಮೊಮ್ಮಗಳು ಅ ಬರೆದಳು, ಆ ಬರೆದಳು, ಮತ್ತೆ ಸಾಕು ಎಂದಳು. ಒಳ್ಳೆ ರವೆ. ನಾನು ಸಂಜೆ ಉಪ್ಪಿಟ್ಟು ಮಾಡಿದೆ. ಮಗ ಎರಡು ಸಲ ಹಾಕಿಸಿಕೊಂಡು ತಿಂದ. ಸೊಸೆ ತಟ್ಟೆ ಹುಡುಕಿದಳು.

"ಅತ್ತೆ, ಅಕ್ಷರದ ರವೆ ಎಲ್ಲಿ?"

"ಅರ್ಧ ನಿನ್ನ ಗಂಡನ ಹೊಟ್ಟೆಯಲ್ಲಿ ಉಂಟು. ಅವನಿಗೂ ಸ್ವಲ್ಪ ಬೇಕಿತ್ತು."

ಮರುವಾರ ಅವಳು ಅಕ್ಕಿಗೆ ಬಣ್ಣ ಹಾಕಿದಳು. ಕೆಂಪು, ಹಳದಿ, ಹಸಿರು, ನೀಲಿ, ನಾಲ್ಕು ಬಟ್ಟಲು. ಮಗು ಅದನ್ನು ಬಣ್ಣ ಬಣ್ಣ ಬೇರೆ ಮಾಡುದು, ಚಮಚದಲ್ಲಿ ಅಳೆಯುದು. ಅಕ್ಕಿಗೆ ಬಣ್ಣ ಹಾಕುವವರನ್ನು ನಾನು ಅದೇ ಮೊದಲು ನೋಡಿದ್ದು. ಆಟ ಮುಗಿದ ಮೇಲೆ ಕೋಳಿಗೆ ಹಾಕಿದೆ. ಕೆಂಪು ತಿಂದವು, ಹಳದಿ, ಹಸಿರು ತಿಂದವು, ನೀಲಿಯನ್ನು ಮೂಸಿಯೂ ನೋಡಲಿಲ್ಲ. ಎರಡು ತಿಂಗಳು ಅಂಗಳದಲ್ಲಿ ನೀಲಿ ಅಕ್ಕಿ ಇತ್ತು.

ಆದರೆ ಅಕ್ಷರ ಬಂದದ್ದೂ ಕೋಳಿಯಿಂದಲೇ. ಅಂಗಳದಲ್ಲಿ ಚಾಕ್‌ಪೀಸಿನಿಂದ ಅಕ್ಷರ ಬರೆದು, ನಾನು ಹೇಳಿದ ಅಕ್ಷರದ ಮೇಲೆ ಮಗು ಹಾರುದು ಅಂತ ಗೋಡೆಯ ಚಿತ್ರದಲ್ಲಿ ಇತ್ತು. ಚಾಕ್‌ಪೀಸು ಮುಗಿದಿತ್ತು, ನಾನು ಅಕ್ಕಿಹಿಟ್ಟಿನಲ್ಲಿ ಬರೆದೆ. ಕ ಬರೆದು ಖ ಬರೆಯುವಷ್ಟರಲ್ಲಿ ಕೋಳಿ ಬಂದು ಕ ತಿನ್ನಲಿಕ್ಕೆ ಸುರು. ಮೊಮ್ಮಗಳಿಗೆ ತಡೆಯಲಿಲ್ಲ. "ಅಜ್ಜಿ, ಅದು ಕ ತಿಂತದೆ!" ಎಂದು ಓಡಿ ಹೋಗಿ ಅದರ ಮೇಲೆ ಹಾರಿದಳು. ಅಲ್ಲಿಂದ ಅದೇ ಆಟ. ಕೋಳಿ ಯಾವುದಕ್ಕೆ ಬಾಯಿ ಹಾಕುತ್ತದೋ ಅದರ ಹೆಸರು ಹೇಳಿ ಹಾರುದು. ಹೆಸರು ತಪ್ಪಿದರೆ ಅಕ್ಷರ ಕೋಳಿಗೆ. ಒಂದು ತಿಂಗಳಲ್ಲಿ ಎಲ್ಲ ಅಕ್ಷರ ಬಂತು. ಕೋಳಿಯೂ ಚೆನ್ನಾಗಿ ಮೈ ಹಿಡಿಯಿತು.

ಲೆಕ್ಕದ್ದು ಬೇರೆ ಕತೆ. ಅದರಲ್ಲಿ ತಪ್ಪು ನನ್ನದು, ಹೇಳಿಬಿಡುತ್ತೇನೆ.

ಆಟ ಮುಗಿದ ಮೇಲೆ ನನಗೆ ನನ್ನ ಕೆಲಸ ಉಂಟಲ್ಲ. ನಾನು ಮೊರ ಹಿಡಿದು ಕೂತರೆ ಅವಳು ಎದುರಿಗೆ ಬಂದು ಕೂರುತ್ತಿದ್ದಳು. ಹೊಗೆಸೊಪ್ಪು ಮುಟ್ಟಿದರೆ ಬೆರಳಿಗೆ ಬಿಸಿ ಸೌಟು ಎಂದು ಹೇಳಿದ್ದೆ, ಮುಟ್ಟಲಿಲ್ಲ. ಎಲೆ ಕತ್ತರಿಸಿ ಬಿದ್ದ ಚೂರು ಅವಳಿಗೆ. ನಾನು ಒಂದು ಬೀಡಿ ಸುರುಟಿ ಮೊರಕ್ಕೆ ಹಾಕಿದರೆ ಅವಳು ಒಂದು ಎಲೆಚೂರು ಅವಳ ತಟ್ಟೆಗೆ ಹಾಕಿ ಗಟ್ಟಿಯಾಗಿ ಎಣಿಸುದು. ಬೀಡಿಯ ಒಂದು ಕಟ್ಟಕ್ಕೆ ಇಪ್ಪತ್ತೈದು. ಇಪ್ಪತ್ತೈದು ಆಯಿತೋ, ನಾನು ನೂಲು ಸುತ್ತಿ ಗಂಟು ಹಾಕುದು, ಅವಳೂ ನೂಲು ಸುತ್ತಿ ಗಂಟು ಹಾಕುದು. ಮತ್ತೆ ಒಂದರಿಂದ. ನನಗೂ ಖುಷಿಯೇ. ಎಣಿಸುವ ತಲೆಬಿಸಿ ಅವಳಿಗೆ, ನಾನು ಬೇರೆ ಯೋಚನೆ ಮಾಡಬಹುದು.

ಅಭ್ಯಾಸ ಅಂದರೆ ಎಂತದ್ದು. ಮನೆಯಲ್ಲಿ ಇದ್ದದ್ದೆಲ್ಲ ಕಟ್ಟ ಆಯಿತು. ಅಲಸಂಡೆ ಕೊಯ್ದು ತಂದರೆ ಇಪ್ಪತ್ತೈದು ಇಪ್ಪತ್ತೈದು ಕಟ್ಟಿ ಇಟ್ಟಳು. ಕಡ್ಡಿಪೆಟ್ಟಿಗೆ ತೆರೆದರೆ ಒಳಗೆ ಕಡ್ಡಿಯ ಕಟ್ಟ. ಸೊಸೆ ಫೋನಿನಲ್ಲಿ ನೋಡಿ ಐಸ್‌ಕ್ರೀಮಿನ ಕಡ್ಡಿ ತಂದಳು. ಹತ್ತು ಕಡ್ಡಿಗೆ ಒಂದು ರಬ್ಬರು ಹಾಕಿಸುದಂತೆ, ಹಾಗೆ ಹತ್ತು ಇಪ್ಪತ್ತು ಮೂವತ್ತು ಕಲಿಯುದಂತೆ.

"ಹತ್ತಾಯಿತಲ್ಲ ಚಿನ್ನ, ರಬ್ಬರು ಹಾಕು."

"ಇನ್ನೂ ಆಗ್ಲಿಲ್ಲ ಅಮ್ಮ. ಇಷ್ಟು ಸಪೂರ ಕಟ್ಟ ಯಾರು ತಗೊಳ್ತಾರೆ?"

ಸೊಸೆ ನನ್ನ ಮುಖ ನೋಡಿದಳು. ನಾನು ಎಲೆ ನೋಡಿದೆ.

ಆದರೂ ಅವಳಿಗೆ ಲೆಕ್ಕದ ಮೇಲೆ ಸಂಶಯ ಬರಲಿಲ್ಲ, ಯಾಕೆಂದರೆ ಮಗು ದಿನಕ್ಕೆ ನೂರಾರು ಎಣಿಸುತ್ತಿತ್ತು. ದೂರದಿಂದ ಕೇಳಿದರೆ ಎಣಿಸುತ್ತಲೇ ಇರುತ್ತಿತ್ತು. ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಯಾರೂ ಕೂತು ಕೇಳಲಿಲ್ಲ. ನಾನಂತೂ ಕೇಳಲಿಲ್ಲ, ನನಗೆ ಬೇಕಾದಲ್ಲಿಗೆ ಅದು ಸರಿಯಾಗಿ ಮುಟ್ಟುತ್ತಿತ್ತಲ್ಲ.

ಮೇ ತಿಂಗಳಲ್ಲಿ ಒಂದು ಶುಕ್ರವಾರ ಬರಲಿಕ್ಕೆ ಹೇಳಿದರು. ಅಮ್ಮ ಮಾತ್ರ ಬಂದರೆ ಬಾಯಿ ಬಿಡುದಿಲ್ಲ, ಅಜ್ಜಿಯೂ ಬೇಕು ಎಂದು ಮೊಮ್ಮಗಳು ಹಟ ಹಿಡಿದಳು. ನಾನು ಒಳ್ಳೆ ಸೀರೆ ಉಟ್ಟೆ. ಬಸ್ಸಿನಲ್ಲಿ ಸೊಸೆ ಮೆಲ್ಲ ಹೇಳಿದಳು, "ಅತ್ತೆ, ಅಲ್ಲಿ ಬೀಡಿಯ ಸುದ್ದಿ ತೆಗೀಬೇಡಿ. ಮಗು ಹೊಗೆಸೊಪ್ಪಿನ ಹತ್ತಿರ ಕೂತು ಕಲಿತದ್ದು ಅಂತ ಆದರೆ ಏನಾದರೂ ಹೇಳಿಯಾರು."

"ನಾನು ಬಾಯಿಯೇ ತೆರೆಯುದಿಲ್ಲ" ಎಂದೆ.

ದೊಡ್ಡ ಟೀಚರು ಕನ್ನಡಕದ ಹೆಂಗಸು, ಸೊಸೆಗಿಂತ ದೊಡ್ಡವರು, ನನಗಿಂತ ಸಣ್ಣವರು. ಅಕ್ಷರದ ಕಾರ್ಡು ಒಂದೊಂದೇ ತೋರಿಸಿದರು. ಮೊಮ್ಮಗಳು ಕಾರ್ಡು ಕಂಡ ಕೂಡಲೇ ಹೆಸರು ಹೇಳಿ ಕುರ್ಚಿಯಲ್ಲೇ ಹಾರಿದಳು. ಹಾರುದು ಯಾಕೆ ಎಂದು ಟೀಚರು ಕೇಳಿದರು. "ಇಲ್ಲದಿದ್ದರೆ ಕೋಳಿ ತಿಂತದೆ" ಎಂದಳು. ಬಾಯಿಯಂತೂ ತೆರೆಯಿತು. ಟೀಚರು ಏನೋ ಬರೆದುಕೊಂಡರು. ಸೊಸೆಯ ಮುಖ ಅರಳಿತು.

"ಈಗ ಎಣಿಸು ನೋಡುವ. ನೂರರವರೆಗೆ."

ಒಂದು, ಎರಡು, ಮೂರು, ರೈಲಿನ ಹಾಗೆ ಹೋದಳು. ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದು, ನೂಲು. ಒಂದು, ಎರಡು, ಮೂರು.

ಟೀಚರು ಕೈ ಎತ್ತಿ ನಿಲ್ಲಿಸಿದರು. "ಇಪ್ಪತ್ತೈದು ಆದ ಮೇಲೆ ಎಂತ ಬರ್ತದೆ?"

"ನೂಲು."

"ನೂಲಾ?"

"ಹೌದು. ಗಂಟು ಹಾಕಿ ಮತ್ತೆ ಒಂದು."

ಸೊಸೆಯ ಮುಖ ಮೈದಾಹಿಟ್ಟಿನ ಹಾಗೆ ಆಯಿತು. ಟೀಚರು ಮಗುವನ್ನು ಬಿಟ್ಟು ನನ್ನ ಕಡೆ ತಿರುಗಿದರು. ಮಗು ಹೆದರಬಾರದು ಅಂತ ಇರಬೇಕು, ಆಟದ ಹಾಗೆ ಕೇಳಿದರು, "ಅಜ್ಜಿಯವರೇ, ನೀವು ಹೇಳಿಕೊಡಿ ಇವಳಿಗೆ. ಇಪ್ಪತ್ತನಾಲ್ಕು, ಇಪ್ಪತ್ತೈದು, ಮತ್ತೆ?"

ಇಪ್ಪತ್ತಾರು ಅಂತ ನನಗೆ ಗೊತ್ತಿಲ್ಲವಾ? ಗೊತ್ತುಂಟು. ಎರಡನೇ ಕ್ಲಾಸಿನಲ್ಲೇ ಗೊತ್ತಿತ್ತು. ಆದರೆ ನಲವತ್ತೈದು ವರ್ಷ ಒಂದೇ ಕಡೆ ತಿರುಗಿದ ಎತ್ತು ಗಾಣ ಬಿಚ್ಚಿದರೂ ಅಲ್ಲೇ ತಿರುಗುತ್ತದೆ.

"ನೂಲು" ಎಂದೆ.

ಸೊಸೆ ಹಣೆ ಹಿಡಿದುಕೊಂಡಳು. ಮೊಮ್ಮಗಳು, ಹೇಳ್ಲಿಲ್ಲವಾ ನಾನು, ಎನ್ನುವ ಹಾಗೆ ಟೀಚರನ್ನು ನೋಡಿದಳು.

ಟೀಚರು ನನ್ನ ಬೆರಳು ನೋಡಿ, "ಬೀಡಿಯಾ?" ಎಂದು ಕೇಳಿದರು.

ಸೊಸೆ ಏನೋ ಹೇಳಲಿಕ್ಕೆ ಹೊರಟಳು. ಇನ್ನು ಅಡಗಿಸಿ ಎಂತ ಮಾಡುದು. "ಹೌದು" ಎಂದೆ. "ಹೊಗೆಸೊಪ್ಪು ಮುಟ್ಟಿಸಲಿಲ್ಲ. ಎಲೆಚೂರು ಮಾತ್ರ."

"ನಮ್ಮ ಮನೆಯಲ್ಲಿಯೂ ಮೊರ ಇತ್ತು" ಎಂದರು. ಅಷ್ಟೇ ಹೇಳಿದ್ದು. ಮತ್ತೆ ಮೇಜಿನ ಮೇಲೆ ಒಂದು ಡಬ್ಬಿ ಹುಣಸೆಬೀಜ ಸುರಿದು, ಎಷ್ಟುಂಟು ಹೇಳು ಎಂದು ಮೊಮ್ಮಗಳಿಗೆ ಬಿಟ್ಟರು. ಅವಳು ಅಂಗೈಯಲ್ಲಿ ಐದೈದು ಎಳೆದು ಎಳೆದು ಗುಂಪು ಮಾಡಿದಳು. ಹಾಗೆ ಎಳೆಯುದು ನಾನು ಹೇಳಿಕೊಟ್ಟದ್ದಲ್ಲ, ನೋಡಿ ಕಲಿತದ್ದು.

"ಮೂರು ಕಟ್ಟ, ಹನ್ನೊಂದು. ನೂಲು ಉಂಟಾ?"

"ಎಲ್ಲ ಒಟ್ಟಿಗೆ ಎಷ್ಟು?"

"ಮೂರು ಕಟ್ಟ, ಹನ್ನೊಂದು" ಎಂದು ಎರಡನೇ ಸಲ ಮೆಲ್ಲ, ಬಿಡಿಸಿ ಬಿಡಿಸಿ ಹೇಳಿದಳು. ಟೀಚರಿಗೆ ಕಿವಿ ಸ್ವಲ್ಪ ಮಂದ ಅಂತ ಅವಳಿಗೆ ಕಂಡಿರಬೇಕು.

ಟೀಚರು ಬೀಜವನ್ನು ಡಬ್ಬಿಗೆ ತುಂಬಿಸುತ್ತಾ ಸೊಸೆಗೆ ಹೇಳಿದರು, "ಎಣಿಸಲಿಕ್ಕೆ ಬರ್ತದೆ, ಇವಳ ಪ್ರಾಯಕ್ಕೆ ಚೆನ್ನಾಗಿಯೇ ಬರ್ತದೆ. ಆದರೆ ಒಂದನೇ ಕ್ಲಾಸಿನಲ್ಲಿ ನಾನು ಇಪ್ಪತ್ತೇಳು ಅಂದರೆ ಇವಳಿಗೆ ಗೊತ್ತಾಗಬೇಕಲ್ಲ. ಸೋಮವಾರ ಪುನಃ ಕರ್ಕೊಂಡು ಬನ್ನಿ. ನಡುವೆ ನೂಲು ಹಾಕದೆ ನೂರು ಮುಟ್ಟಿದರೆ ಒಂದನೇ ಕ್ಲಾಸು. ಇಲ್ಲದಿದ್ದರೆ ಯುಕೆಜಿಯೇ, ಬೇಜಾರು ಮಾಡಬೇಡಿ." ಮತ್ತೆ ನನ್ನನ್ನು ನೋಡಿ, "ನೀವೂ ಬರಬೇಕು. ನಿಮ್ಮ ಹತ್ತಿರವೂ ಕೇಳ್ತೇನೆ" ಎಂದರು.

ವಾಪಸು ಬರುವ ಬಸ್ಸು ನರಿಮೊಗರು ದಾಟಿತು. ಸೊಸೆ ಸುರು ಮಾಡಿದಳು.

"ಒಂದು ವರ್ಷ, ಅತ್ತೆ. ನಾನು ರವೆ ತಂದೆ. ಅಕ್ಕಿಗೆ ಬಣ್ಣ ಹಾಕಿದೆ. ಕಡ್ಡಿ ತಂದೆ, ಕ್ಲಿಪ್ಪು ತಂದೆ. ದಿನಾ ಚಿತ್ರ ಬಿಡಿಸಿದೆ."

"ಮೂಗು ದೊಡ್ಡ ಬಿಡಿಸಿದೆ."

"ಮೂಗಿನ ಸುದ್ದಿ ಬೇಡ ಈಗ. ಮಗುವಿಗೆ ಹೋಗಲಿ, ನಿಮಗಾದರೂ ಇಪ್ಪತ್ತಾರು ಬಾಯಿಗೆ ಬರಬೇಡವಾ?"

"ಬರಬೇಕಿತ್ತು" ಎಂದೆ. ಮುಂದಿನ ಸೀಟಿನ ಹೆಂಗಸು ತಿರುಗಿ ನಮ್ಮನ್ನು ನೋಡಿದಳು. ಸೊಸೆ ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಅಲುಗಾಡುತ್ತಿತ್ತು. ಅಳುತ್ತಾಳೆ ಎಂದು ನೋಡಿದರೆ ನಗೆ. "ನೂಲಂತೆ" ಎಂದು ಒಮ್ಮೆ ಹೇಳಿದಳು, ಮತ್ತೆ ಪುನಃ ಮುಖ ಗಂಟು ಹಾಕಿ ಕೂತಳು. ಸೋಮವಾರದ ಹೆದರಿಕೆ ಅವಳಿಗೆ ಇದ್ದೇ ಇತ್ತು. ನನಗೂ ಇತ್ತು, ನಾನು ತೋರಿಸಲಿಲ್ಲ ಅಷ್ಟೆ.

ಮೊಮ್ಮಗಳು ನನ್ನ ತೊಡೆಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಅಜ್ಜಿ, ಇಪ್ಪತ್ತಾರು ಹೇಗಿರ್ತದೆ? ನೀನು ನೋಡಿದ್ದೀಯಾ?"

"ದಿನಾ ಬರ್ತದೆ. ನಾವು ಅದನ್ನು ಒಂದು ಅಂತ ಕರೆದು ಬಿಡುದು" ಎಂದೆ. ಅವಳಿಗೆ ಅರ್ಥ ಆಗಲಿಲ್ಲ. ನನಗೂ ಅದು ಅರ್ಥ ಆದದ್ದು ಹಾಗೆ ಹೇಳಿದ ಮೇಲೆಯೇ.

ಮರುದಿನ ಬೆಳಿಗ್ಗೆ ಚಾ ಕುಡಿದು ಮೊರ ಹಿಡಿದು ಕೂತೆ. ಅವಳು ಎದುರಿಗೆ ಕೂತಳು. ಸೊಸೆ ಬಾಗಿಲಿಗೆ ಒರಗಿ ನಿಂತಳು, ಅಂಗಡಿಗೆ ಹೊತ್ತಾದರೂ ಹೋಗಲಿಲ್ಲ. ಇಪ್ಪತ್ತೈದು ಆಯಿತು. ಮೊಮ್ಮಗಳು ಕಟ್ಟದ ನೂಲಿನ ಉಂಡೆ ನೀಡಿದಳು. ನಾನು ಅದನ್ನು ತೆಗೆದುಕೊಂಡು ಅಡಿಗೆ ಹಾಕಿ ಅದರ ಮೇಲೆ ಕೂತೆ. ಇನ್ನೊಂದು ಬೀಡಿ ಸುರುಟಿ ಅದೇ ರಾಶಿಗೆ ಹಾಕಿ, ಹೇಳು ಎಂದೆ. ಬ್ರಾಂಚಿನವನು ಕೆಟ್ಟ ಬೀಡಿಯನ್ನು ನೋಡುವ ಹಾಗೆ ಅವಳು ಅದನ್ನು ನೋಡಿದಳು. ನೋಡಿ, ಇಪ್ಪತ್ತಾರು ಎಂದಳು. ಇಪ್ಪತ್ತಾರು ಎಂದು ನಾನೂ ಹೇಳಿದೆ, ನನಗೂ ಪರೀಕ್ಷೆ ಉಂಟಲ್ಲ. ನೂರಾಗುವವರೆಗೆ ನಾನು ಏಳಲಿಲ್ಲ. ಆದ ಮೇಲೆ ಅಡಿಯಿಂದ ನೂಲು ತೆಗೆದು ನಾಲ್ಕು ಕಟ್ಟ ಕಟ್ಟಿ ಬ್ರಾಂಚಿಗೆ ಹೊರಟೆ.