ಮಣ್ಣೆತ್ತಿನ ಹೊಟ್ಟೆಯೊಳಗಿನ ಇಂಗಾಲ

ಧಾರವಾಡದ ಮಾಳಮಡ್ಡಿಯ ಉಡಚಪ್ಪನದು ಮಣ್ಣಿನ ನೌಕರಿ. ಪ್ರಯೋಗಾಲಯಕ್ಕೆ ಮಣ್ಣು ಅಗೆದು ತರುವುದು, ನೆರಳಲ್ಲಿ ಒಣಗಿಸುವುದು, ಜರಡಿ ಹಿಡಿಯುವುದು. ಮೂವತ್ತೊಂದು ವರ್ಷ ಮಣ್ಣು ಕೆದರಿದರೂ, ಹಾಜರಿ ಪುಸ್ತಕ ಬಿಟ್ಟರೆ ಬೇರೆ ಯಾವ ಕಾಗದದಲ್ಲೂ ಅವನ ಹೆಸರು ಬಂದಿರಲಿಲ್ಲ. ಮುಂದಿನ ತಿಂಗಳು ನಿವೃತ್ತಿ. ಅಷ್ಟರಲ್ಲಿ ವಿಜ್ಞಾನಿ ಪ್ರಿಸಿಲ್ಲಾ ಮೇಡಂ ತಮ್ಮ ವರದಿಯ ಕೊನೆಯ ಪುಟದಲ್ಲಿ ಅವನಿಗೊಂದು ಸಾಲು ವಂದನೆ ಬರೆಯುವುದಾಗಿ ಹೇಳಿಬಿಟ್ಟರು. ಅಂದಿನಿಂದ ಪುಣ್ಯಾತ್ಮನ ಕಾಲು ನೆಲಕ್ಕೇ ತಾಗಲಿಲ್ಲ.

ಮೇಡಮ್ಮರ ಪ್ರಶ್ನೆ ಇಷ್ಟೇ: ನೇಗಿಲು ಕಾಣದ ಕಾಡು, ಹಳೆಯ ಮಾವಿನ ತೋಟ, ವರ್ಷಾ ವರ್ಷ ಉಳುವ ಹತ್ತಿ ಹೊಲ, ಈ ಮೂರರ ಮಣ್ಣು ಎಷ್ಟೆಷ್ಟು ಇಂಗಾಲ ಹಿಡಿದಿಟ್ಟುಕೊಂಡಿದೆ? ಕೊಳೆತ ಎಲೆ, ಬೇರುಗಳಿಂದ ಬಂದ ಸತ್ವ ಅದು. ಉಡಚಪ್ಪ ಮೂರೂ ಕಡೆಯ ಮಣ್ಣು ತಂದ. ಪ್ರಯೋಗಾಲಯ ಸೋರುತ್ತಿದ್ದುದರಿಂದ ಮನೆಯ ಪಡಸಾಲೆಯಲ್ಲೇ ಹಳೆಯ ಪೇಪರು ಹಾಸಿ, ಕಲ್ಲು ಆರಿಸಿ, ಮೂರು ಗುಡ್ಡೆ ಮಾಡಿ, ಚೀಟಿ ಇಟ್ಟು ಕೆಲಸಕ್ಕೆ ಹೋದ.

ಅವತ್ತು ಮಣ್ಣೆತ್ತಿನ ಅಮಾವಾಸ್ಯೆ. ಎತ್ತು ಮಾಡಲು ಪ್ರತಿ ವರ್ಷ ಮಣ್ಣು ತರಬೇಕಾದವನು ಉಡಚಪ್ಪ, ಪ್ರತಿ ವರ್ಷ ಮರೆಯುವವನೂ ಅವನೇ. ಹಸನಾದ ಮೂರು ಗುಡ್ಡೆ ಕಂಡು ಹೆಂಡತಿ ಸಂಗವ್ವನಿಗೆ ಕಣ್ಣೀರೇ ಬಂತು. ಅಂತೂ ಗಂಡನಿಗೆ ಬುದ್ಧಿ ಬಂತಲ್ಲ! ಚೀಟಿಗಳನ್ನು ಕಸಕ್ಕೆ ಎಸೆದು, ನೀರು ಹಾಕಿ ನಾದಿ, ಗುಡ್ಡೆಗೊಂದು ಜೋಡಿ ಎತ್ತು ಮಾಡಿದಳು.

ಸಂಜೆ ಉಡಚಪ್ಪ ಬಂದಾಗ ಆರು ಎತ್ತುಗಳು ಅರಿಷಿಣ ಕುಂಕುಮ ಹಚ್ಚಿಕೊಂಡು, ಕಡುಬಿನ ನೈವೇದ್ಯದ ಮುಂದೆ ಗತ್ತಿನಲ್ಲಿ ನಿಂತಿದ್ದವು. ಪೇಪರುಗಳ ಮೇಲೆ ಒಂದೊಂದು ಮುಷ್ಟಿ ಮಣ್ಣಷ್ಟೇ ಉಳಿದಿತ್ತು. ತನ್ನ ಒಂದು ಸಾಲೂ ಮಣ್ಣುಪಾಲಾಯಿತೆಂದು ಅವನು ತಲೆ ಮೇಲೆ ಕೈ ಹೊತ್ತು ಕುಳಿತ. ಎತ್ತು ಒಡೆದಾದರೂ ಮಣ್ಣು ಕೊಡು ಎಂದು ಗೋಗರೆದ.

“ಪೂಜಿ ಆದ ಬಸವಣ್ಣನ್ನ ಒಡಿ ಅಂತೀರೇನ್ರಿ? ನಾಲಿಗಿ ಹೆಂಗ ಬಂತು ನಿಮಗ?”

ಸುದ್ದಿ ತಿಳಿದು ಮರುದಿನ ಪ್ರಿಸಿಲ್ಲಾ ಮೇಡಂ ಮನೆಗೇ ಬಂದರು. ಬೈಯಲಿಲ್ಲ. ಕಾಡು, ತೋಟ, ಹತ್ತಿ ಹೊಲ, ಯಾವ ಎತ್ತು ಯಾವ ನೆಲದ್ದೆಂದು ಕೇಳಿದರು. ಮೂವತ್ತೊಂದು ವರ್ಷದ ಅನುಭವಿ ತಲೆ ಕೆರೆದುಕೊಂಡ. ತವರಿನಲ್ಲಿ ಹೊಲ ಮಾಡಿ ಬೆಳೆದ ಸಂಗವ್ವ ಸೆರಗು ಸಿಕ್ಕಿಸಿ, ಎಲ್ಲಕ್ಕಿಂತ ಚೆಂದದ ಜೋಡಿಯನ್ನು ತೋರಿಸಿದಳು.

“ಇದು ಬೆಣ್ಣಿ ಹಂಗ ನಾದಿತ್ರಿ, ಕೋಡು ಒಂದ ಸಲಕ್ಕ ನಿಂತ್ವು. ಆದ್ರ ಮಣ್ಣಿಗೆ ವಾಸನೀನ ಇಲ್ಲ, ಹತ್ತಿ ಹೊಲದ್ದು. ಆ ಸೊಟ್ಟ ಎತ್ತು ಕಾಡಿಂದು. ಪುಡಿ ಪುಡಿ, ಬರೇ ಬೇರು, ಕೋಡು ನಾಕ ಸಲ ಬಿದ್ವು. ಆದ್ರ ಘಮ್ ಅಂತಿತ್ರಿ. ಚೆಂದನೂ ಅಲ್ಲ ಸೊಟ್ಟನೂ ಅಲ್ಲ, ಈ ಜೋಡಿ ತೋಟದ್ದು.” ಆಮೇಲೆ ಗಂಡನ ಇಸ್ತ್ರಿ ಅಂಗಿಯ ಕಡೆ ನೋಡಿದಳು. “ನೋಡಾಕ ಛಲೋ ಇದ್ದದ್ದು ಒಳಗ ಖಾಲೀನ ಇರತೈತ್ರಿ.”

ಮೇಡಂ ಮೂರೂ ಕಡೆಯಿಂದ ಹೊಸ ಮಣ್ಣು ತರಿಸಿ, ಉಳಿದ ಮುಷ್ಟಿಗಳ ಜೊತೆ ಪರೀಕ್ಷೆ ಮಾಡಿಸಿದರು. ಕಾಡಿನದರಲ್ಲಿ ಇಂಗಾಲ ಎಲ್ಲಕ್ಕಿಂತ ಹೆಚ್ಚು, ಆಮೇಲೆ ತೋಟದ್ದು, ಹತ್ತಿ ಹೊಲದ್ದು ಕಡೆಗೆ. ಸಂಗವ್ವನ ಮಾತು ಒಂದೂ ತಪ್ಪಿರಲಿಲ್ಲ.

ನಿವೃತ್ತಿಯ ದಿನ ಹಾರದ ಜೊತೆ ವರದಿಯೂ ಉಡಚಪ್ಪನ ಕೈಗೆ ಬಂತು. ನೇರವಾಗಿ ಕೊನೆಯ ಪುಟ ತೆರೆದ. ‘ಮುಟ್ಟಿಯೇ ಮಣ್ಣಿನ ಗುರುತು ಹಿಡಿದ ಸಂಗವ್ವ ಉಡಚಪ್ಪ ಅವರಿಗೆ ವಂದನೆಗಳು’ ಎಂದಿತ್ತು. ಮುಂದೆ ಬೇರೆ ಸಾಲೇ ಇರಲಿಲ್ಲ.

ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ವರದಿ ಹಿಡಿದು ಓಣಿಯ ಮನೆ ಮನೆಗೂ ಹೋಗಿ ಆ ಸಾಲು ತೋರಿಸಿ ಬಂದ, ಹೆಂಡತಿಯ ಹೆಸರನ್ನಷ್ಟೇ ಹೆಬ್ಬೆರಳಿನಿಂದ ಮುಚ್ಚಿಕೊಂಡು.