ಕನ್ನಡಕ ಹಾಕಿಕೊಂಡು ಕೌಂಟರಿಗೆ ಬಂದಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರೈಲು ನಿಲ್ದಾಣದ ಎದುರಿನ ಹೋಟೆಲಿಗೆ ನಿದ್ದೆಗಣ್ಣಿನ ಪ್ರಯಾಣಿಕರು ಸೂಟ್‌ಕೇಸ್ ಎಳೆದುಕೊಂಡು ಬರುತ್ತಿದ್ದಾರೆ. ಕೌಂಟರಿನ ಹಿಂದೆ ನಿಂತ ಹೆಂಗಸು ತಲೆಯೆತ್ತಿ ನಗುತ್ತಾರೆ, ಹೆಸರು ಕೇಳುತ್ತಾರೆ, ಬೆನ್ನ ಹಿಂದಿನ ಹಲಗೆಯಿಂದ ಬೀಗದ ಕೈ ತೆಗೆದು ಅದರ ಸಂಖ್ಯೆ ಓದಿ ಕೊಡುತ್ತಾರೆ. ಮೂಗಿನ ಮೇಲೆ ಕಪ್ಪು ಚೌಕಟ್ಟಿನ ಕನ್ನಡಕ. ಇದರಲ್ಲೇನು ವಿಶೇಷ ಎಂದು ಕೇಳಬೇಡಿ. ಆ ಕನ್ನಡಕ ಈ ಕೌಂಟರಿಗೆ ಬಂದು ವಾರವಷ್ಟೇ ಆಗಿದೆ, ಅದಕ್ಕಾಗಿ ಆಕೆ ತಮ್ಮ ಜಾಗವನ್ನೇ ಪಣಕ್ಕಿಟ್ಟಿದ್ದಾರೆ.

ಹೋಟೆಲಿನವರೆಲ್ಲ ಅವರನ್ನು ಕೌಂಟರಕ್ಕ ಎನ್ನುತ್ತಾರೆ. ವಯಸ್ಸು ಐವತ್ತರ ಹತ್ತಿರ. ಮದುವೆಗೆ ಮೊದಲೇ ಸೇರಿದ ಕೆಲಸ. ಗಂಡ ಬಸ್ ಚಾಲಕ, ಒಬ್ಬಳೇ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಬೆಳಗಿನ ಪಾಳಿಯಲ್ಲಿ ಬರುವವರು, ಹೊರಡುವವರು ಸೇರಿ ನೂರರ ಆಸುಪಾಸು ಜನ. ಎಲ್ಲರನ್ನೂ ನಿಂತೇ ಮಾತಾಡಿಸಬೇಕು, ಅದೂ ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿಕೊಂಡು. ಕೌಂಟರಿನಲ್ಲಿ ಹೆಂಗಸರಿಗೆ ಕುರ್ಚಿಯಿಲ್ಲ, ಬಿಳಿ ಕೂದಲಿಲ್ಲ, ಕನ್ನಡಕವಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಮುಖದಲ್ಲಿ ವಯಸ್ಸು ಕಂಡವರನ್ನು ಸದ್ದಿಲ್ಲದೆ ನೆಲಮಾಳಿಗೆಯ ಬಟ್ಟೆ ಕೋಣೆಗೆ ಕಳಿಸುತ್ತಾರೆ. ಅಲ್ಲಿ ದಿನವಿಡೀ ಹಾಸಿಗೆಯ ಹೊದಿಕೆ ಮಡಚುವ ಕೆಲಸ. "ಅವ್ಳು ಒಳಗೆ ಹೋದ್ಲು" ಎಂದರೆ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಅದೇ ಕೌಂಟರಿನಲ್ಲಿ, ಮೊಳದಳತೆಯ ದೂರದಲ್ಲಿ ಒಬ್ಬ ಗಂಡಸು ಕುರ್ಚಿಯಲ್ಲಿ ಕೂತಿದ್ದಾರೆ. ಕೌಂಟರಕ್ಕನ ಜೊತೆಗೇ ಕೆಲಸಕ್ಕೆ ಸೇರಿದವರು, ವಯಸ್ಸಿನಲ್ಲಿ ಒಂದಿಷ್ಟು ದೊಡ್ಡವರೇ. ತಲೆತುಂಬ ಬಿಳಿ ಕೂದಲು, ಅಂಗಿಯ ಗುಂಡಿಯನ್ನು ದಿನವೂ ಪರೀಕ್ಷಿಸುವ ಹೊಟ್ಟೆ, ಕೊರಳಿಗೆ ದಾರದಲ್ಲಿ ನೇತುಬಿಟ್ಟ ಕನ್ನಡಕ. ಬಂದವರೆಲ್ಲ ಮಾಲೀಕರು ಇವರೇ ಎಂದುಕೊಳ್ಳುವುದರಿಂದ ಅವರಿಗೆ ಯಜಮಾನ್ರು ಎಂಬ ಹೆಸರೇ ನಿಂತುಹೋಗಿದೆ.

"ಒಂದ್ಸಲ ನಿಜವಾದ ಮಾಲೀಕ್ರೇ ಇಲ್ಲಿ ನಿಂತಿದ್ರು. 'ನೀವು ಸ್ವಲ್ಪ ಸರೀರಿ, ಯಜಮಾನ್ರ ಹತ್ರ ಮಾತಾಡ್ಬೇಕು' ಅಂದ್ಬಿಟ್ರು ಒಬ್ರು," ಎಂದು ಕೌಂಟರಕ್ಕ ನಗುತ್ತಾರೆ. ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. "ಅವ್ರ ಬಿಳಿ ಕೂದ್ಲು ಹೋಟೆಲಿಗೆ ಗೌರವ ಅಂತೆ. ನಂದು ಕಂಡ್ರೆ ಹೋಟೆಲಿಗೇ ವಯಸ್ಸಾದ ಹಾಗೆ ಕಾಣುತ್ತಂತೆ."

ಕೆಲವು ವರ್ಷಗಳ ಹಿಂದೆ ಹತ್ತಿರದ ಅಕ್ಷರಗಳು ಮಸುಕಾಗತೊಡಗಿದವು. ಕನ್ನಡಕ ಮಾಡಿಸಿಕೊಂಡು ಬಂದ ದಿನವೇ ಮ್ಯಾನೇಜರ್ ಪಕ್ಕಕ್ಕೆ ಕರೆದು ಕಿವಿಮಾತು ಹೇಳಿದರು: "ಇದೆಲ್ಲ ಮನೇಲಿ ಹಾಕ್ಕೊಳ್ಳಿ ಮೇಡಂ, ಇಲ್ಲಿ ಬೇಡ. ಬಂದೋರಿಗೆ ಒಂದು ಲವಲವಿಕೆಯ ಮುಖ ಕಾಣ್ಬೇಕು." ಸಂಜೆ ಇದನ್ನು ಕೇಳಿದ ಗಂಡ ತಲೆ ಚಚ್ಚಿಕೊಂಡರು. "ಕನ್ನಡಕ ಬಿಟ್ಟು ಹೋದ್ರೆ ನಂಗೆ ಬಸ್ ಕೊಡಲ್ಲ. ಹಾಕ್ಕೊಂಡು ಹೋದ್ರೆ ನಿಂಗೆ ಕೌಂಟರ್ ಕೊಡಲ್ವಾ? ಇದ್ಯಾವ ಸೀಮೆ ನ್ಯಾಯ ಮಾರಾಯ್ತಿ!"

ಕೆಲಸ ಬಿಡುವಂತಿರಲಿಲ್ಲ, ಹಾಗಾಗಿ ಒಂದು ದಾರಿ ಮಾಡಿಕೊಂಡರು. ಅತಿಥಿ ತುಂಬಿಕೊಟ್ಟ ಚೀಟಿಯನ್ನು ಯಜಮಾನ್ರು ಖಾತ್ರಿ ಮಾಡಿಕೊಳ್ಳುವವರಂತೆ ಮೆಲ್ಲಗೆ ಓದುತ್ತಿದ್ದರು, ಇವರು ಕೇಳಿಸಿಕೊಂಡು ಕಂಪ್ಯೂಟರಿಗೆ ಹಾಕುತ್ತಿದ್ದರು. ಬೀಗದ ಕೈಯ ಸಂಖ್ಯೆ ಓದುವ ಗೊಡವೆಯೇ ಇರಲಿಲ್ಲ. ಯಾವ ಸಾಲು, ಎಷ್ಟನೇ ಮೊಳೆ ಎಂಬುದು ಕೈಗೇ ರೂಢಿಯಾಗಿತ್ತು. ವರ್ಷಗಟ್ಟಲೆ ಹೀಗೇ ನಡೆಯಿತು, ಯಾರಿಗೂ ಸುಳಿವು ಸಿಗಲಿಲ್ಲ.

ಕಳೆದ ತಿಂಗಳು ಯಜಮಾನ್ರು ರಜೆಯಲ್ಲಿದ್ದ ಒಂದು ಬೆಳಿಗ್ಗೆ ಯಡವಟ್ಟಾಯಿತು. ರಾತ್ರಿ ಪಾಳಿಯವನು ಒಂದು ಖಾಲಿ ಕೋಣೆಯ ಬೀಗದ ಕೈಯನ್ನೂ ಅತಿಥಿಯಿದ್ದ ಪಕ್ಕದ ಕೋಣೆಯ ಹೆಚ್ಚುವರಿ ಕೈಯನ್ನೂ ಅದಲುಬದಲು ತೂಗುಹಾಕಿ ಹೋಗಿದ್ದ. ಕೌಂಟರಕ್ಕನ ಕೈ ಅಭ್ಯಾಸದಂತೆ ಮೊಳೆಗೆ ಹೋಯಿತು, ತೆಗೆದು ಕೊಟ್ಟಿತು. ರೈಲಿಳಿದು ಬಂದಿದ್ದ ಗಂಡಸು ಮೂರನೇ ಮಹಡಿಯ ಬಾಗಿಲು ತೆರೆದರೆ ಒಳಗೊಬ್ಬ ವಯಸ್ಸಾದ ಹೆಂಗಸು ಮಲಗಿದ್ದಾರೆ. ಚಿಲಕ ಹಾಕಿರಲಿಲ್ಲ. ಆಕೆಯ ಕಿರುಚಾಟ ಕೆಳಗಿನವರೆಗೂ ಕೇಳಿಸಿತು.

ಕೌಂಟರಕ್ಕ ತಾವೇ ಮೇಲೆ ಹೋಗಿ ಕ್ಷಮೆ ಕೇಳಿದರು. "ಆ ತಾಯಿಗೆ ನೀರು ಕುಡಿಸಿದ್ರೆ ಲೋಟ ಹಲ್ಲಿಗೆ ಬಡೀತಿತ್ತು. ನನ್ನ ಮುಖ ಚೆನ್ನಾಗಿ ಕಾಣ್ಲಿ ಅಂತ ಅವ್ರು ಯಾಕೆ ಹಂಗೆ ಹೆದರ್ಬೇಕು ಹೇಳಿ?" ಇದನ್ನು ಹೇಳುವಾಗ ಅವರ ಕಣ್ಣು ತುಂಬುತ್ತದೆ.

ಮ್ಯಾನೇಜರ್ ಕರೆಸಿದರು. "ನಿಮ್ಮ ಕಣ್ಣು ಸರಿಯಿಲ್ಲ ಮೇಡಂ. ಒಳಗೆ ಹೋಗ್ಬಿಡಿ, ಆರಾಮಾಗಿರ್ಬಹುದು."

"ಕಣ್ಣು ಸರಿಯಾಗೇ ಇದೆ ಸಾರ್. ಕನ್ನಡಕ ತೆಗೀರಿ ಅಂದಿದ್ದು ನೀವು," ಎಂದರು ಕೌಂಟರಕ್ಕ. ಇಷ್ಟು ವರ್ಷಗಳಲ್ಲಿ ಅವರು ಆ ಕೋಣೆಯಲ್ಲಿ ಎದುರು ಮಾತಾಡಿದ್ದು ಅದೇ ಮೊದಲು. ಮ್ಯಾನೇಜರ್ ತೀರ್ಮಾನ ಮಾಲೀಕರದು ಎಂದು ಕೈತೊಳೆದುಕೊಂಡರು. ರಜೆ ಮುಗಿಸಿ ಬಂದ ಯಜಮಾನ್ರು, "ನಾನಿದ್ದಿದ್ರೆ ಹಿಂಗಾಗ್ತಿರ್ಲಿಲ್ಲ," ಎಂದು ಮರುಗಿದರು. "ಒಳ್ಳೇ ಮನಸ್ಸಿಂದ್ಲೇ ಅಂದ್ರು ಪಾಪ. ಅದೇ ಜಾಸ್ತಿ ಚುಚ್ಚಿದ್ದು," ಎನ್ನುತ್ತಾರೆ ಕೌಂಟರಕ್ಕ. ಮಾಲೀಕರ ಬಾಯಿಂದ ಮಾತು ಬರಲೆಂದು ಕಾದು ಕಾದು, ಕೊನೆಗೆ ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಕನ್ನಡಕ ಹಾಕಿಕೊಂಡೇ ಬಂದು ನಿಂತರು.

ಅವತ್ತಿನಿಂದ ಚೀಟಿಯನ್ನು ಅವರೇ ಓದುತ್ತಾರೆ. ಒಬ್ಬ ಅತಿಥಿಯೂ ಮೂಗು ಮುರಿದಿಲ್ಲ. ಮೂಗು ಮುರಿಯುವವರೆಲ್ಲ ಕೌಂಟರಿನ ಈಚೆಯ ಹೋಟೆಲಿನವರೇ. ಮಾಲೀಕರು ಎರಡು ಬಾರಿ ಹಾದುಹೋದರು, ನೋಡಿದರು. ತೀರ್ಮಾನ ತಿಂಗಳ ಕೊನೆಗೆ ಹೇಳುತ್ತಾರಂತೆ.

ಒಳಗೆ ಕಳಿಸಿದರೆ ಏನು ಮಾಡುತ್ತೀರಿ ಎಂದರೆ ಕೌಂಟರಕ್ಕ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುತ್ತಾರೆ. ಪಕ್ಕದಲ್ಲಿ ಯಜಮಾನ್ರು ಏನನ್ನೋ ಹುಡುಕುವವರಂತೆ ತಲೆ ತಗ್ಗಿಸುತ್ತಾರೆ.

"ಹೋಗು ಅಂದ್ರೆ ಹೋಗ್ತೀನಿ. ಹೊದಿಕೆ ಮಡಚೋದೇನು ಕೀಳು ಕೆಲಸ ಅಲ್ಲ. ಆದ್ರೆ ಕಣ್ಣು ಕಾಣಲ್ಲ ಅಂತ ಸುಳ್ಳು ಹೇಳಿ ಕಳಿಸ್ಬಾರ್ದು. ವಯಸ್ಸಾಯ್ತು ಅಂತ ಮುಖ ನೋಡಿ ಹೇಳ್ಲಿ. ಆಗ ನಾನೂ, ಈ ಕುರ್ಚೀಲಿ ಕೂತಿರೋರ ವಯಸ್ಸೆಷ್ಟು ಸಾರ್ ಅಂತ ಒಂದೇ ಒಂದು ಮಾತು ಕೇಳಿ, ಆಮೇಲೆ ಮೆಟ್ಲಿಳೀತೀನಿ."